ದೊಡ್ಡ ಸ್ಟಾರ್‌ಗಳ ಹಾಡನ್ನು ಮುಲಾಜಿಲ್ಲದೆ ವಿಮರ್ಶೆ ಮಾಡೋದು: ನನ್ನ ಅನುಭವ

ಬೆಂಗಳೂರಲ್ಲಿ ಕೂತು ಕನ್ನಡದಲ್ಲಿ ಸಂಗೀತದ ಬಗ್ಗೆ ಬರೆಯುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ. "ಸರ್, ಟೇಲರ್ ಸ್ವಿಫ್ಟ್ ಥರದವರ ಆಲ್ಬಂ ಚೆನ್ನಾಗಿಲ್ಲ ಅಂತ ನಿಜವಾಗಲೂ ಬರೆಯೋಕಾಗುತ್ತಾ?"

ಆಗುತ್ತೆ. ನಾನು ಬರೆದಿದ್ದೇನೆ, ಏನೂ ಆಗಿಲ್ಲ. ಅದರಲ್ಲಿ ನನ್ನ ಧೈರ್ಯ ಏನೂ ಇಲ್ಲ. ಸ್ವಿಫ್ಟ್ ಅಭಿಮಾನಿಗಳಲ್ಲಿ ಕನ್ನಡ ವಿಮರ್ಶೆಯನ್ನು ಹುಡುಕಿ ಓದಿ ಜಗಳಕ್ಕೆ ಬರುವವರು ಬಹಳ ಕಡಿಮೆ, ಅಷ್ಟೇ.

ಇಂಗ್ಲಿಷಿನಲ್ಲಿ ಬರೆಯುವವರ ಪಾಡು ಬೇರೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ 'ಪೇಸ್ಟ್' ಪತ್ರಿಕೆ ಸ್ವಿಫ್ಟ್ ಅವರ ಹೊಸ ಆಲ್ಬಂ ಬಗ್ಗೆ ಖಾರವಾದ ವಿಮರ್ಶೆ ಹಾಕಿತು. ಬರೆದವರ ಹೆಸರು ಮಾತ್ರ ಹಾಕಲಿಲ್ಲ. 2019ರಲ್ಲಿ ಸ್ವಿಫ್ಟ್ ಆಲ್ಬಂ ಒಂದನ್ನು ವಿಮರ್ಶಿಸಿದವರಿಗೆ ಹಲ್ಲೆಯ ಬೆದರಿಕೆ ಬಂದಿತ್ತು, ಅದಕ್ಕೇ ಈ ಸಲ ಹೆಸರಿಲ್ಲ ಎಂದು ಪತ್ರಿಕೆಯೇ ತಿಳಿಸಿತು. 2020ರಲ್ಲಿ ಅಮೆರಿಕದ ಸಂಗೀತ ವೆಬ್‌ಸೈಟ್ 'ಪಿಚ್‌ಫೋರ್ಕ್'ನ ಜಿಲಿಯನ್ ಮೇಪ್ಸ್ ಇದೇ ಗಾಯಕಿಯ ಆಲ್ಬಂಗೆ ಹತ್ತಕ್ಕೆ 8 ಕೊಟ್ಟಿದ್ದರು. ಹತ್ತಕ್ಕೆ ಎಂಟು ಅಂದರೆ ಹೊಗಳಿಕೆಯೇ ಅಲ್ವಾ? ಆದರೂ ಅವರ ಮನೆ ವಿಳಾಸ, ಫೋನ್ ನಂಬರ್ ಬಯಲಾದವು, ಬೆದರಿಕೆಗಳು ಬಂದವು. ಎಲ್ಲ ವಿಮರ್ಶೆಗಳ ಅಂಕ ಸೇರಿಸಿ ಸರಾಸರಿ ತೋರಿಸುವ 'ಮೆಟಾಕ್ರಿಟಿಕ್'ನಲ್ಲಿ ಆ ಎಂಟರಿಂದ ಆಲ್ಬಂನ ಸರಾಸರಿ ಇಳಿಯಿತು ಅನ್ನೋದು ಫ್ಯಾನ್ಸ್ ಸಿಟ್ಟು. ಇನ್ನೊಂದು ಕಥೆ 2018ರದು. ರ‍್ಯಾಪ್ ಗಾಯಕಿ ನಿಕಿ ಮಿನಾಜ್ ಇನ್ನಷ್ಟು ಪ್ರಬುದ್ಧವಾದ ವಿಷಯಗಳ ಬಗ್ಗೆ ಹಾಡಬಾರದೇ ಎಂದು ವಾನಾ ಥಾಂಪ್ಸನ್ ಎಂಬ ಬರಹಗಾರ್ತಿ ಒಂದು ಟ್ವೀಟ್ ಮಾಡಿದರು. ಮಿನಾಜ್ ಅವರೇ ಖಾಸಗಿ ಮೆಸೇಜ್ ಕಳಿಸಿ ಬೈದರು. ಆಮೇಲೆ ಅಭಿಮಾನಿಗಳು ಮುಗಿಬಿದ್ದರು.

ಸ್ಟಾರ್‌ಗಳನ್ನು ಬೈಯೋದು ಹೊಸದಲ್ಲ. 1970ರಲ್ಲಿ ವಿಮರ್ಶಕ ಗ್ರೀಲ್ ಮಾರ್ಕಸ್ ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಬಾಬ್ ಡಿಲನ್ ಆಲ್ಬಂನ ವಿಮರ್ಶೆಯನ್ನು ಒಂದು ಬೈಗುಳದಿಂದಲೇ ಶುರು ಮಾಡಿದ್ದರು. ಡಿಲನ್ ಅಂದರೆ ಆಗ ದೇವರ ಸಮಾನ. ಆದರೆ ಅಂದಿನ ಅಭಿಮಾನಿಗೆ ಸಿಟ್ಟು ಬಂದರೆ ಸಂಪಾದಕರಿಗೆ ಕಾಗದ ಬರೆದು ಅಂಚೆಗೆ ಹಾಕಬೇಕಿತ್ತು. ಅಂಚೆ ಡಬ್ಬಿಗೆ ನಡೆದು ಹೋಗುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ ಎಂದು ನನ್ನ ಲೆಕ್ಕ.

ಕನ್ನಡದಲ್ಲಿ ನನ್ನ ಕಷ್ಟ ಶುರುವಾಗೋದು ನಮ್ಮವರ ಹಾಡಿಗೆ ಬಂದಾಗ. ನಮ್ಮಲ್ಲಿ ಪಾಪ್ ಸ್ಟಾರ್ ಅಂದರೆ ಹಾಡುವವರಲ್ಲ, ತೆರೆಯ ಮೇಲೆ ತುಟಿ ಆಡಿಸುವವರು. ಚಂದನ್ ಶೆಟ್ಟಿ, ಆಲ್ ಓಕೆ ಥರದವರು ತಮ್ಮದೇ ಹೆಸರಲ್ಲಿ ಹಾಡು ಬಿಟ್ಟು ಗೆದ್ದಿದ್ದಾರೆ, ನಿಜ. ಆದರೆ ಜನಸಾಗರ ಇರೋದು ಸಿನಿಮಾ ಹಾಡಿನ ಹಿಂದೆ. ಹೀರೋನ ಎಂಟ್ರಿ ಹಾಡಿನ ಲಿರಿಕಲ್ ವಿಡಿಯೊ ಬಂತು ಅಂದುಕೊಳ್ಳಿ. ಚರಣದಲ್ಲಿ ರಾಗವೇ ಇಲ್ಲ, ಬರೀ ತಮಟೆ ಮತ್ತು ಘೋಷಣೆ ಎಂದು ನಾನು ಬರೆದರೆ, ಅದು ಸಂಗೀತ ನಿರ್ದೇಶಕರ ಕೆಲಸದ ಬಗ್ಗೆ ಹೇಳಿದ ಮಾತು. ಜಗಳಕ್ಕೆ ಬರುವವರು ಮಾತ್ರ 'ಬಾಸ್' ಅಭಿಮಾನಿಗಳು. "ಯಾರ ಹತ್ರ ಕಾಸು ತಗೊಂಡೆ?" ಎಂಬಲ್ಲಿಂದ ಶುರು. ತಮಾಷೆ ಅಂದರೆ, ಅಂಥ ಹಾಡು ಮಾಡಿದ ಸಂಗೀತ ನಿರ್ದೇಶಕರೊಬ್ಬರು ಆಮೇಲೆ ಸಿಕ್ಕಾಗ, "ಚರಣ ಚೆನ್ನಾಗೇ ಇತ್ತು, ಕಟ್ ಮಾಡಿಸಿದ್ರು" ಎಂದು ನಗುತ್ತಾ ಹೇಳಿದ್ದರು. ಅದನ್ನು ಅವರ ಹೆಸರು ಹಾಕಿ ನಾನು ಬರೆಯುವಂತಿಲ್ಲ. ಅವರಿಗೆ ಮುಂದಿನ ಸಿನಿಮಾ ಬೇಕು.

ಹಾಗಾಗಿ ನನಗೆ ಫ್ಯಾನ್ಸ್ ಭಯಕ್ಕಿಂತ ಮುಲಾಜಿನ ಭಯ ಜಾಸ್ತಿ. ಬೈದವರನ್ನು ಬ್ಲಾಕ್ ಮಾಡಬಹುದು. ಪ್ರೀತಿಯಿಂದ ಮಾತಾಡಿಸುವವರನ್ನು ಏನು ಮಾಡೋದು? "ಸರ್, ನೀವು ನಮ್ಮೋರು, ಸ್ವಲ್ಪ ನೋಡ್ಕೊಳ್ಳಿ" ಅಂತ ಸಿನಿಮಾದ ಪ್ರಚಾರ ನೋಡಿಕೊಳ್ಳುವ ಪಿಆರ್ ಹುಡುಗ ಹೇಳಿದರೆ ಅದು ಬೆದರಿಕೆಯಲ್ಲ. ಆದರೆ ಬರೆಯಲು ಕೂತಾಗ ಅವನ ಮುಖ ನೆನಪಾಗುತ್ತದೆ. 'ಸಪ್ಪೆ' ಎಂದು ಬರೆಯಬೇಕಾದ ಕಡೆ 'ಇನ್ನಷ್ಟು ಮಾಗಬಹುದಿತ್ತು' ಎಂದು ಬೆರಳು ತಾನಾಗಿಯೇ ಒತ್ತುತ್ತದೆ. ಯಾರೂ ಒತ್ತಾಯ ಮಾಡಿಲ್ಲ, ನೋಡಿ. ಬಕೆಟ್ ಹಿಡಿಯೋದು ಹೀಗೆ ಗೊತ್ತೇ ಆಗದಂತೆ ಶುರುವಾಗುತ್ತದೆ.

ಇದನ್ನು ತಡೆಯಲು ನಾನು ಕೆಲವು ಅಭ್ಯಾಸ ಇಟ್ಟುಕೊಂಡಿದ್ದೇನೆ. ಮೊದಲನೆಯದು ಟಿಕೆಟ್. ಪಾಸ್ ತಗೊಳ್ಳಲ್ಲ. ಇಂಗ್ಲೆಂಡಿನ ಗಾಯಕ ಎಡ್ ಶೀರನ್ 2025ರ ಫೆಬ್ರುವರಿಯಲ್ಲಿ ಎರಡು ದಿನ ಬೆಂಗಳೂರಿನ ನೈಸ್ ಗ್ರೌಂಡ್ಸ್‌ನಲ್ಲಿ ಹಾಡಿದಾಗಲೂ ಕೈಯಿಂದ ದುಡ್ಡು ಹಾಕಿ ಹಿಂದಿನ ಸಾಲುಗಳಲ್ಲಿ ನಿಂತೆ. ಹಿಂದೆ ನಿಂತರೆ ಒಂದು ಲಾಭವಿದೆ. ಸ್ಟಾರ್ ಚುಕ್ಕೆಯಷ್ಟು ಕಾಣುತ್ತಾರೆ, ಕಿವಿ ಮಾತ್ರ ಕೆಲಸ ಮಾಡುತ್ತದೆ. ಶೀರನ್ ಬಹುತೇಕ ಒಬ್ಬರೇ ನಿಂತು ಲೂಪ್ ಪೆಡಲ್ ತುಳಿಯುತ್ತಾ ಹಾಡು ಕಟ್ಟುತ್ತಾರೆ. ಗಿಟಾರಿನ ಮೈ ತಟ್ಟಿ ತಾಳ, ಅದರ ಮೇಲೆ ತಂತಿ, ಅದರ ಮೇಲೆ ತಮ್ಮದೇ ದನಿಯ ಹಿಮ್ಮೇಳ. ಎಲ್ಲ ಅಲ್ಲೇ ರೆಕಾರ್ಡ್ ಆಗಿ ಸುತ್ತುತ್ತಿರುತ್ತದೆ. ಇದು ದೊಡ್ಡ ಕಸುಬು. ಆದರೆ ಇದರಿಂದ ಹಾಡುಗಳೆಲ್ಲ ಒಂದೇ ಏಣಿ ಹತ್ತುತ್ತವೆ. ಮೆಲ್ಲಗೆ ಶುರು, ಪದರದ ಮೇಲೆ ಪದರ, ಕೊನೆಗೆ ಅಬ್ಬರ. ಅರ್ಧ ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಮುಂದಿನ ಮೆಟ್ಟಿಲು ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದೆ. ನಾನು ಅದನ್ನೇ ಬರೆದೆ.

ಪತ್ರಿಕೆಯ ಡೆಸ್ಕ್‌ಗೆ ಅದು ಬೇಕಿರಲಿಲ್ಲ, ಗಲಾಟೆಯ ಸುದ್ದಿ ಬೇಕಿತ್ತು. ಎರಡನೇ ದಿನ ಬೆಳಗ್ಗೆ ಶೀರನ್ ಚರ್ಚ್ ಸ್ಟ್ರೀಟ್‌ನ ಬದಿಯಲ್ಲಿ ನಿಂತು ಹಾಡಿದ್ದು, ಪೊಲೀಸರು ಬಂದು ಮೈಕಿನ ವೈರ್ ಕಿತ್ತದ್ದು ನಿಮಗೂ ನೆನಪಿರಬಹುದು. ಅನುಮತಿ ಇತ್ತು ಎಂದು ಅವರು, ಇರಲಿಲ್ಲ ಎಂದು ಪೊಲೀಸರು. ಅದರ ಮೇಲೆ ಶಿಲ್ಪಾ ರಾವ್ ಜೊತೆ ತೆಲುಗು ಸಿನಿಮಾ ಹಾಡು ಹಾಡಿದ್ದು ಬೇರೆ. ಬೆಂಗಳೂರಿಗೆ ಬಂದು ಕನ್ನಡ ಯಾಕೆ ಹಾಡಲಿಲ್ಲ ಅಂತ ನನ್ನ ಪರಿಚಯದವರೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದು ಬೇರೆ ಲೇಖನ. ವಿಮರ್ಶೆಯಲ್ಲಿ ಅದನ್ನು ತುರುಕಿದರೆ ಓದುಗರಿಗೆ ಸಂಗೀತದ ಬಗ್ಗೆ ಒಂದು ಸಾಲೂ ಉಳಿಯಲ್ಲ.

ಸ್ಟಾರ್‌ಗಳ ಖಾಸಗಿ ಬದುಕನ್ನು ಹೊರಗಿಡುವುದೂ ಇದೇ ಕಾರಣಕ್ಕೆ. 2025ರ ಅಕ್ಟೋಬರ್‌ನಲ್ಲಿ ಬಂದ ಸ್ವಿಫ್ಟ್ ಆಲ್ಬಂನಲ್ಲಿ 12 ಹಾಡುಗಳಿದ್ದವು. ಬಾಯಲ್ಲಿ ನಿಲ್ಲುವ ಪಲ್ಲವಿಗಳಿಗೆ ಹೆಸರಾದ ಸ್ವೀಡನ್ನಿನ ನಿರ್ಮಾಪಕರಾದ ಮ್ಯಾಕ್ಸ್ ಮಾರ್ಟಿನ್, ಶೆಲ್‌ಬ್ಯಾಕ್ ಜೊತೆ ಮಾಡಿದ್ದು. ಯಾವ ಹಾಡು ಯಾರಿಗೆ ಕೊಟ್ಟ ಏಟು ಅಂತ ಹುಡುಕೋದರಲ್ಲೇ ಎಷ್ಟೋ ವಿಮರ್ಶೆಗಳು ಮುಗಿದವು. ನಾನು ಕೇಳಿಕೊಂಡದ್ದು ಸರಳ ಪ್ರಶ್ನೆ: ಮಾರ್ಟಿನ್ ಇದ್ದೂ ಪಲ್ಲವಿ ಯಾಕೆ ಬಾಯಲ್ಲಿ ನಿಲ್ಲುತ್ತಿಲ್ಲ? ಆ ಆಲ್ಬಂಗೆ 'ರೋಲಿಂಗ್ ಸ್ಟೋನ್' ಐದಕ್ಕೆ ಐದು ಸ್ಟಾರ್ ಕೊಟ್ಟಿತು, 'ಗಾರ್ಡಿಯನ್' ಎರಡು. ಅಮೆರಿಕದಲ್ಲಿ ಮಾರಾಟ, ಸ್ಟ್ರೀಮಿಂಗ್ ಎಲ್ಲ ಸೇರಿಸಿದ ಲೆಕ್ಕದಲ್ಲಿ ಮೊದಲ ವಾರವೇ 40 ಲಕ್ಷ ಆಲ್ಬಂ ದಾಟಿತು. ಇಬ್ಬರಲ್ಲಿ ಯಾರು ಸರಿ ಅನ್ನೋದು ವ್ಯಾಪಾರಕ್ಕೆ ಸಂಬಂಧವೇ ಇಲ್ಲದ ವಿಷಯವಾಗಿತ್ತು. ಹಾಗಾದರೆ ವಿಮರ್ಶಕ ಯಾಕೆ ಹೆದರಬೇಕು? ನನಗಂತೂ ಇದು ಬಿಡುಗಡೆಯಂತೆ ಕಾಣುತ್ತದೆ. ನನ್ನ ಮಾತಿನಿಂದ ಅವರಿಗೆ ಒಂದು ರೂಪಾಯಿ ನಷ್ಟವೂ ಇಲ್ಲ.

ಸ್ಟಾರ್ ಕೊಡುವ ಪದ್ಧತಿಯನ್ನು ನಾನು ಬಿಟ್ಟಿದ್ದೇನೆ. ಅಂಕ ಇದ್ದರೆ ಜನ ಅಂಕದ ಜೊತೆ ಜಗಳ ಆಡುತ್ತಾರೆ, ಮಾತಿನ ಜೊತೆ ಅಲ್ಲ. ಅಮೆರಿಕದ ಗಾಯಕಿ ಲಿಝೋ 2019ರಲ್ಲಿ, ಸ್ವತಃ ಸಂಗೀತ ಮಾಡದೆ ವಿಮರ್ಶೆ ಬರೆಯುವವರಿಗೆ ಕೆಲಸವೇ ಇರಬಾರದು ಎಂಬರ್ಥದ ಟ್ವೀಟ್ ಹಾಕಿದ್ದು 'ಪಿಚ್‌ಫೋರ್ಕ್' ತಮ್ಮ ಆಲ್ಬಂಗೆ ಹತ್ತಕ್ಕೆ 6.5 ಕೊಟ್ಟದ್ದನ್ನು ಕಂಡು. ಅಂಕದ ಬದಲು ನಾನು ಸಮಯ ಬರೆಯುತ್ತೇನೆ. ಎರಡನೇ ನಿಮಿಷದಲ್ಲಿ ಕೊಳಲು ಬರುತ್ತದೆ, ನಾಲ್ಕು ಸಾಲಿಗೆ ಮಾಯ, ಮತ್ತೆ ಬರೋದೇ ಇಲ್ಲ ಎಂದು ಬರೆದರೆ ಸಿಟ್ಟಾದವರೂ ಒಮ್ಮೆ ಹಾಡು ಹಾಕಿ ನೋಡುತ್ತಾರೆ. ಹಾಗೆ ನೋಡಿದ, ಕೊರಿಯಾದ ಬಿಟಿಎಸ್ ತಂಡದ ಅಭಿಮಾನಿಯೊಬ್ಬಳು, "ಅಂಕಲ್, ಅದು ಕೊಳಲಲ್ಲ, ಸಿಂಥ್" (ಎಲೆಕ್ಟ್ರಾನಿಕ್ ವಾದ್ಯ) ಎಂದು ಕ್ರೆಡಿಟ್ಸ್ ಸಮೇತ ವಾದಕ್ಕೆ ಬಂದಳು. ನನಗೆ ಇನ್ನೂ ಕೊಳಲೇ ಕೇಳಿಸುತ್ತದೆ. ಆದರೆ ಇಂಥ ಜಗಳ ದಿನಾ ಆಗಲಿ. ಫ್ಯಾನ್ಸ್‌ಗಿಂತ ಗಮನವಿಟ್ಟು ಕೇಳುವವರು ಯಾರೂ ಇಲ್ಲ.

ಇನ್ನು ಅವಸರ. ಪ್ರಾಮಾಣಿಕತೆಗೆ ದೊಡ್ಡ ಶತ್ರು ಇದೇ ಅಂತ ನನಗೆ ಅನಿಸುತ್ತದೆ. ಬಿಯಾನ್ಸೆ 2013ರ ಡಿಸೆಂಬರ್‌ನಲ್ಲಿ ಮುನ್ಸೂಚನೆಯೇ ಇಲ್ಲದೆ ಆಲ್ಬಂ ಬಿಟ್ಟಾಗ ವಿಮರ್ಶಕರಿಗೂ ಅದು ಸಿಕ್ಕಿದ್ದು ಎಲ್ಲರ ಜೊತೆಗೇ. 2024ರ ಸ್ವಿಫ್ಟ್ ಆಲ್ಬಂ ನಮ್ಮ ಸಮಯಕ್ಕೆ ಶುಕ್ರವಾರ ಬೆಳಗ್ಗೆ 9:30ಕ್ಕೆ ಬಂತು, 16 ಹಾಡು. ಇನ್ನೆರಡು ಗಂಟೆಗೆ ಮತ್ತೆ 15. ಒಟ್ಟು ಎರಡು ಗಂಟೆಗೂ ಜಾಸ್ತಿ ಸಂಗೀತ. ಮಧ್ಯಾಹ್ನದೊಳಗೆ ಕಾಪಿ ಬೇಕು ಅಂದರೆ ಯಾರಾದರೂ ಏನು ಬರೆಯಬಲ್ಲರು? ಒಂದೇ ಸಲ ಕೇಳಿ ಬೈಯೋಕೆ ಧೈರ್ಯ ಸಾಲಲ್ಲ, ಹೊಗಳಿದರೆ ಯಾರೂ ಪ್ರಶ್ನೆ ಕೇಳಲ್ಲ. ಆದ್ದರಿಂದ ಎಲ್ಲರೂ ಸುಮ್ನೆ ಹೊಗಳಿಕೆಯ ಕಡೆ ವಾಲುತ್ತಾರೆ. ನಾನು ಸಾಹಿತ್ಯ ನೋಡದೆ ಒಮ್ಮೆ, ಸಾಹಿತ್ಯ ಓದುತ್ತಾ ಒಮ್ಮೆ ಕೇಳುತ್ತೇನೆ. ಆಮೇಲೆ ಒಂದು ರಾತ್ರಿ ಬಿಟ್ಟು, ಮೆಟ್ರೊದಲ್ಲಿ ಸಾಮಾನ್ಯ ಇಯರ್‌ಫೋನ್‌ನಲ್ಲಿ ಇನ್ನೊಮ್ಮೆ. ಮನೆಯ ಸ್ಪೀಕರಿನಲ್ಲಿ ಭವ್ಯವಾಗಿದ್ದ ಎಷ್ಟೋ ಹಾಡುಗಳು ಯಶವಂತಪುರ ದಾಟುವಷ್ಟರಲ್ಲಿ ಬೋರ್ ಹೊಡೆಸಿವೆ.

ಶುಕ್ರವಾರದ ಪುಟ ಕೈತಪ್ಪುತ್ತದೆ ಅಂತ ಎಡಿಟರ್‌ಗೆ ಮೊದಲು ಸಿಟ್ಟಿತ್ತು. "ಸೋಮವಾರ ಯಾರು ಓದ್ತಾರ್ರೀ?" ಎಂದರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಹಾಡು ಬಿಡುಗಡೆಯಾದ ಸುದ್ದಿಯನ್ನು ಡೆಸ್ಕ್ ಶುಕ್ರವಾರವೇ ಹಾಕುತ್ತದೆ, ನನ್ನ ವಿಮರ್ಶೆ ಸೋಮವಾರ. ತಲೆಬರಹವನ್ನು ಮಾತ್ರ ನನಗೆ ತೋರಿಸದೆ ಹಾಕುವಂತಿಲ್ಲ. ಒಳಗೆ ನಾನು ತೂಗಿ ಬರೆದದ್ದನ್ನು ಹೊರಗೆ 'ಧೂಳೆಬ್ಬಿಸಿದ ಹಾಡು' ಅಥವಾ 'ಠುಸ್ ಪಟಾಕಿ' ಎಂದು ಹಾಕಿಬಿಡೋದು ಹೊಸದೇನಲ್ಲ.

ದೊಡ್ಡ ಹೀರೋನ ಸಿನಿಮಾದ ಪೂರ್ತಿ ಪುಟ ಜಾಹೀರಾತು ಇರುವ ವಾರ, ಆ ಸೋಮವಾರವೂ ಕೆಲವೊಮ್ಮೆ ಬುಧವಾರವಾಗುತ್ತದೆ. ಒಂದು ಪದವೂ ಬದಲಾಗಲ್ಲ, ಜಾಗ ಮಾತ್ರ ಕೆಳಗೆ ಹೋಗುತ್ತದೆ. ಬುಧವಾರ ಓದುವವರು ಎಷ್ಟು ಕಡಿಮೆ ಅಂತ ಡೆಸ್ಕ್‌ನವರು ಲೆಕ್ಕ ತೋರಿಸಿ ಕಾಲೆಳೆಯುತ್ತಾರೆ. ಪದ ಮುಟ್ಟದಿದ್ದರೆ ಸಾಕು, ದಿನ ನೀವೇ ಇಟ್ಟುಕೊಳ್ಳಿ ಅಂತ ಸದ್ಯಕ್ಕೆ ಹೇಳಿದ್ದೇನೆ.