ಟಿಕೆಟ್‌ಗಿಂತ ಮೊದಲು ಸೂಜಿ: ಇಥಿಯೋಪಿಯಾಕ್ಕೆ ದಿಢೀರ್ ಹೊರಟ ನನ್ನ ಅನುಭವ

ಯಂತ್ರ ಕೆಟ್ಟಿದೆ ಎಂಬ ಫೋನು ಬರುವುದು ಶುಕ್ರವಾರ ಸಂಜೆಯೇ. ಪೀಣ್ಯದಲ್ಲಿ ಸರ್ವಿಸ್ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗಸ್ಟಿನಲ್ಲಿ ಬಂದ ಕರೆ ಹವಾಸದಿಂದ. ಇಥಿಯೋಪಿಯಾದ ದಕ್ಷಿಣದಲ್ಲಿ ಕೆರೆಯ ದಂಡೆಯ ಊರು, ಸಿದ್ಧ ಉಡುಪಿನ ಕಾರ್ಖಾನೆಗಳ ದೊಡ್ಡ ಪಾರ್ಕ್ ಇದೆ. ಅಲ್ಲಿಗೆ ಕಳಿಸಿದ್ದ ಏರ್ ಕಂಪ್ರೆಸರ್ ನಿಂತಿತ್ತು. ನಮ್ಮಲ್ಲಿ ಯಾರೂ ಆ ದೇಶ ನೋಡಿದವರಲ್ಲ. ಹೋಗಲು ಮನಸ್ಸಿದ್ದವರು ಮೂವರಿದ್ದರೂ ಆ ವಾರ ಹೊರಡಲು ಸಾಧ್ಯವಿದ್ದದ್ದು ನನಗೊಬ್ಬನಿಗೆ.

ಕಾರಣ ಹಳದಿ ಜ್ವರದ ಲಸಿಕೆ. ಯಾವ ಪ್ರಯಾಣದ ಸುದ್ದಿಯೂ ಇಲ್ಲದಾಗ ನಾನು ಅದನ್ನು ಹಾಕಿಸಿಕೊಂಡು ಬಂದಿದ್ದಕ್ಕೆ ಶೆಡ್ಡಿನಲ್ಲಿ ಎಲ್ಲರೂ ನಕ್ಕಿದ್ದರು. "ಟಿಕೆಟ್ ಇಲ್ಲದೆ ಸೂಜಿ ಚುಚ್ಚಿಸಿಕೊಂಡವನು ನೀನೊಬ್ಬನೇ ಕಣಪ್ಪಾ" ಎಂದು ನಮ್ಮ ಹಿರಿಯ ಫೋರ್ಮನ್ ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದರು. ನನ್ನ ಲೆಕ್ಕ ಬೇರೆ. ದುಡ್ಡು ಕೊಟ್ಟರೆ ಸಿಗುವುದನ್ನೆಲ್ಲ ಕೊನೆಯ ದಿನಕ್ಕೆ ಬಿಡಬಹುದು, ದುಡ್ಡು ಕೊಟ್ಟರೂ ಸಿಗದಿರುವುದನ್ನು ಈಗಲೇ ಮುಗಿಸಬೇಕು. ಲಸಿಕೆಯ ಪ್ರಮಾಣಪತ್ರ ಊರ್ಜಿತವಾಗುವುದು ಸೂಜಿ ಬಿದ್ದ ಹತ್ತು ದಿನಗಳ ನಂತರ. ಆ ಹತ್ತು ದಿನಗಳನ್ನು ಯಾವ ಏಜೆಂಟನೂ ಮಾರುವುದಿಲ್ಲ. ಸರ್ಕಾರಿ ಕೇಂದ್ರದಲ್ಲಿ ನಾನು ಕೊಟ್ಟದ್ದು ಮುನ್ನೂರು ರೂಪಾಯಿಯ ಆಸುಪಾಸು. 2016ರ ಜುಲೈನಿಂದ ಆ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ, ಹಾಗಾಗಿ ಒಮ್ಮೆ ಹಾಕಿದ ದುಡ್ಡು ಹಾಳಾಗುವ ಪ್ರಶ್ನೆಯೇ ಇಲ್ಲ.

ಹಲವರಿಗೆ ತಲೆಗೆ ಹೋಗದ ಒಂದು ವಿಷಯವಿದೆ. ಭಾರತದಿಂದ ನೇರವಾಗಿ ಹೋದರೆ ಇಥಿಯೋಪಿಯಾದವರು ಈ ಕಾಗದ ಕೇಳುವುದಿಲ್ಲ. ಕೇಳುವುದು ನಮ್ಮವರೇ, ವಾಪಸು ಬಂದು ಇಳಿದಾಗ. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹಿಂದೊಮ್ಮೆ ನಮ್ಮ ಒಬ್ಬ ಹುಡುಗನ ಆಫ್ರಿಕಾ ಪ್ರಯಾಣವನ್ನು ಇದೇ ಕಾರಣಕ್ಕೆ ಮುಂದೂಡಿ, ಟಿಕೆಟ್ ಬದಲಾವಣೆಗೆಂದೇ ಮೂವತ್ತು-ನಲವತ್ತು ಸಾವಿರ ಹೋಗಿತ್ತು. ಗಿರಾಕಿಯ ಬೈಗುಳ ಬೇರೆ. ಇನ್ನೊಬ್ಬರನ್ನು ತಡೆದದ್ದು ಪಾಸ್‌ಪೋರ್ಟ್, ಅದಕ್ಕೆ ಆರು ತಿಂಗಳ ಅವಧಿ ಉಳಿದಿರಲಿಲ್ಲ. ಪಾಸ್‌ಪೋರ್ಟ್ ಹೊಸದು ಮಾಡಿಸಿದವರು ಹಳೆಯದನ್ನೂ ಜೊತೆಗಿಡಿ, ಪ್ರಮಾಣಪತ್ರದಲ್ಲಿರುವುದು ಹಳೆಯ ಸಂಖ್ಯೆ.

ವೀಸಾ ವಿಷಯ ನಿಮಗೆಲ್ಲ ಗೊತ್ತಿರುವುದೇ. ಆಹ್ವಾನ ಪತ್ರಕ್ಕಾಗಿ ಗಿರಾಕಿಯ ಬೆನ್ನು ಬೀಳಬೇಕು, ಅಷ್ಟೆ.

ಶೆಡ್ಡಿನವರ ಎರಡನೆಯ ಅನುಮಾನ ಊಟದ್ದು. ನಾನು ಮೊಟ್ಟೆಯನ್ನೂ ತಿನ್ನುವವನಲ್ಲ. "ಕುಕ್ಕರ್, ಅಕ್ಕಿ, ಪುಳಿಯೋಗರೆ ಪುಡಿ ಇಲ್ಲದೆ ಒಂದು ವಾರ ಬದುಕಿ ತೋರಿಸು" ಎಂದರು. ಹಿಂದೆ ಬೇರೆ ದೇಶಗಳಿಗೆ ಹೋದವರೆಲ್ಲ ಇಪ್ಪತ್ತು ಕಿಲೋ ದಿನಸಿ ಹೊತ್ತು, ಬಿಡಿಭಾಗಗಳನ್ನು ಕಾರ್ಗೋಗೆ ಹಾಕಿ, ಅವು ಕಸ್ಟಮ್ಸ್‌ನಿಂದ ಬಿಡುಗಡೆಯಾಗುವವರೆಗೆ ಹೋಟೆಲ್ ಬಿಲ್ ಬೆಳೆಸಿದವರೇ. ನಾನು ತಿರುಗಾಮುರುಗಾ ಮಾಡಿದೆ. ಚಟ್ನಿಪುಡಿ, ಅವಲಕ್ಕಿ, ಒಂದು ಬಾಟಲಿ ಉಪ್ಪಿನಕಾಯಿ ಸೇರಿ ಎರಡು ಕಿಲೋ. ಉಳಿದ ತೂಕವೆಲ್ಲ ವಾಲ್ವ್, ಸೀಲ್, ಸೆನ್ಸರ್‌ಗಳಿಗೆ. ಕಂಟ್ರೋಲರ್ ಬೋರ್ಡ್ ಮಾತ್ರ ಕೈಚೀಲದಲ್ಲಿ. ಕೈಚೀಲಕ್ಕೆ ಏಳು ಕಿಲೋ ಮಿತಿ. ಅದರೊಳಗೆ ಅಷ್ಟನ್ನು ಹೇಗೆ ಹಿಡಿಸಿದೆ, ಭದ್ರತಾ ತಪಾಸಣೆಯಲ್ಲಿ ಯಾವ ಕಾಗದ ತೋರಿಸಿದೆ ಎಂಬುದು ನನ್ನ ಹೊಟ್ಟೆಪಾಡಿನ ವಿಷಯ, ಇಲ್ಲಿ ಬೇಡ.

ಈ ಧೈರ್ಯ ಬಂದದ್ದು ಅಲ್ಲಿನ ಉಪವಾಸದಿಂದ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. ಆಗಸ್ಟ್ 7ರಿಂದ ಎರಡು ವಾರ ಫಿಲ್ಸೆಟಾ ಉಪವಾಸ. ನಾನಿದ್ದದ್ದು ಆಗಲೇ. "ತ್ಸೋಮ್", ಅಂದರೆ ಉಪವಾಸದ್ದು, ಎಂದು ಕೇಳಿದರೆ ಸಾಕು, ಹುಳಿ ಹಿಟ್ಟಿನ ದೋಸೆಯಂಥ ಅಗಲವಾದ ಇಂಜೆರಾದ ಮೇಲೆ ಬೇಳೆ, ಕಡಲೆಹಿಟ್ಟಿನ ಶಿರೊ, ಎಲೆಕೋಸು, ಬೀಟ್‌ರೂಟ್, ಸೊಪ್ಪು ಬರುತ್ತದೆ. ನಮ್ಮ ಬಾಯಿಗೆ ಒಗ್ಗುವ ಖಾರ. ಎರಡು ಎಚ್ಚರಿಕೆ: ಹವಾಸ ಮೀನಿನ ಊರು, ಮೀನು ಉಪವಾಸಕ್ಕೆ ನಡೆಯುತ್ತದೆ ಎನ್ನುವವರೂ ಇದ್ದಾರೆ, ಕೇಳಿಕೊಂಡೇ ಕೈ ಹಾಕಿ. ಆ ಕಡೆ ಪ್ರಾಟೆಸ್ಟೆಂಟರು ಬಹಳ, ಅವರಿಗೆ ಈ ಉಪವಾಸ ಇಲ್ಲ. ಹಾಗಾಗಿ ಹೋಟೆಲ್ ನೋಡಿ ಆರಿಸಿಕೊಳ್ಳಬೇಕು. ಮೊಸರಿಲ್ಲದೆ ಊಟ ಮುಗಿಯದವರು ಸ್ವಲ್ಪ ಕಷ್ಟಪಡುತ್ತಾರೆ.

ಸುಮ್ಮನಿರಲಾರದೆ ಇಂಜೆರಾಕ್ಕೆ ಬಳಸುವ ಟೆಫ್ ಧಾನ್ಯದ ಹಿಟ್ಟು ತಂದು ಗೆಸ್ಟ್ ಹೌಸಿನಲ್ಲಿ ದೋಸೆ ಹುಯ್ಯಲು ನೋಡಿದೆ. ಮೊದಲ ದಿನದ್ದು ತವೆಗೇ ಅಂಟಿತು. ಮೂರು ದಿನ ಹುಳಿಯಲು ಬಿಟ್ಟು, ಇಂಜೆರಾದ ಹಾಗೆ ಮುಚ್ಚಿ ಒಂದೇ ಬದಿ ಬೇಯಿಸಿದಾಗ ತಕ್ಕಮಟ್ಟಿಗೆ ಎದ್ದಿತು. ಆದರೂ ಅಲ್ಲಿನ ಹೆಂಗಸರು ಹುಯ್ಯುವುದರ ಮೇಲೆ ಏಳುವ ಸಣ್ಣ ತೂತುಗಳು ನನ್ನದರಲ್ಲಿ ಕಾಲು ಭಾಗವೂ ಇರಲಿಲ್ಲ.

ಮಲೇರಿಯಾ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಆರಿಸಿಕೊಳ್ಳಿ. ಅಡಿಸ್ ಅಬಾಬಾ 2,300 ಮೀಟರ್‌ಗೂ ಎತ್ತರ, ಅಲ್ಲಿ ಆ ಭಯವಿಲ್ಲ. ಹವಾಸ 1,700 ಮೀಟರ್ ಸುಮಾರು, ಅಲ್ಲಿದೆ. ಒಂದು ಬಗೆಯ ಮಾತ್ರೆ ಊರಿಗೆ ವಾಪಸಾದ ಮೇಲೆ ವಾರದಲ್ಲಿ ಮುಗಿಯುತ್ತದೆ, ಆದರೆ ದುಬಾರಿ. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ವಾಪಸಾದ ಮೇಲೂ ನಾಲ್ಕು ವಾರ ನುಂಗಬೇಕು. ನಾನು ಅಗ್ಗದ್ದನ್ನೇ ಹಿಡಿದೆ. ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ಎದೆ ಉರಿ, ಊಟದ ಜೊತೆ ಏನೂ ಇಲ್ಲ. ಸ್ವೆಟರ್ ಇಟ್ಟುಕೊಂಡದ್ದಕ್ಕೂ ನಕ್ಕಿದ್ದರು. ಆಗಸ್ಟ್ ಅಲ್ಲಿ ಮಳೆಗಾಲ, ಅಡಿಸ್‌ನಲ್ಲಿ ರಾತ್ರಿ ಹಲ್ಲು ಕಟಕಟ ಎನ್ನುತ್ತದೆ.

ದುಡ್ಡಿನ ವಿಷಯದಲ್ಲಿ ಹಳೆಯ ಲೆಕ್ಕಗಳನ್ನು ನಂಬಬೇಡಿ. 2024ರ ಜುಲೈ ಕೊನೆಗೆ ಅಲ್ಲಿನ ಹಣವಾದ ಬಿರ್ರ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಡಾಲರಿಗೆ ಐವತ್ತೇಳರ ಸುತ್ತ ಇದ್ದದ್ದು ನೂರು ದಾಟಿ ಎಲ್ಲಿಗೋ ಹೋಗಿದೆ. ಗರಿಗರಿ ಹೊಸ ಡಾಲರ್ ನೋಟುಗಳನ್ನೇ ಒಯ್ಯಿರಿ, ಮಡಿಕೆ ಬಿದ್ದದ್ದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಬ್ಯಾಂಕಿನಲ್ಲಿ ಸ್ವಲ್ಪ ಸ್ವಲ್ಪವೇ ಬದಲಾಯಿಸಿ, ಉಳಿದ ಬಿರ್ರ್ ಬೆಂಗಳೂರಿನಲ್ಲಿ ಬರೀ ಕಾಗದ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೊಗುವುದಿಲ್ಲ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡು ದುಂಡು ಪಿನ್ನಿನ ಪ್ಲಗ್ ಕಟ್ಟಿಕೊಂಡು ಹೋದೆ, ನೂರೈವತ್ತು ರೂಪಾಯಿಯಲ್ಲಿ ಮುಗಿಯಿತು.

ಕಂಪ್ರೆಸರ್ ಎರಡನೇ ದಿನ ಸಂಜೆಗೆ ಓಡಿತು. ತೊಂದರೆ ಕೊಟ್ಟದ್ದು ಕೆಲಸ ಮುಗಿದದ್ದಕ್ಕೆ ಸಹಿ ಹಾಕಿಸಿಕೊಂಡ ಹಾಳೆ. ಅಲ್ಲಿನ ಪಂಚಾಂಗ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಮೇಲ್ವಿಚಾರಕರು 2017 ಎಂದು ಬರೆದುಕೊಟ್ಟಿದ್ದರು. 2021ರಲ್ಲಿ ತಯಾರಾದ ಯಂತ್ರ 2017ರಲ್ಲಿ ರಿಪೇರಿಯಾಗುವುದು ಹೇಗೆ ಎಂದು ನಮ್ಮ ಲೆಕ್ಕಪತ್ರದವರು ಭತ್ಯೆಯ ಬಿಲ್ ತಡೆಹಿಡಿದರು. ಗಂಟೆಯೂ ಹಾಗೆಯೇ, ಸೂರ್ಯೋದಯದಿಂದ ಎಣಿಕೆ; "ಬೆಳಿಗ್ಗೆ ಎರಡು" ಎಂದರೆ ನಮ್ಮ ಎಂಟು. ಈಗ ನಮ್ಮ ಸರ್ವಿಸ್ ಫಾರಂನಲ್ಲಿ ದಿನಾಂಕಕ್ಕೂ ಸಮಯಕ್ಕೂ ಎರಡೆರಡು ಖಾನೆ ಮಾಡಿಸಿದ್ದೇನೆ. ಬಿಲ್ ಮಾತ್ರ ಇನ್ನೂ ಅರ್ಧವೇ ಬಂದಿದೆ.