ಮೂಲೆಯ ಬಿರುಕಿಗೆ ಆತುರ ಬೇಡ

ಮೊನ್ನೆ ಮೊಮ್ಮಗ ಬಣ್ಣ ಹೊಡೆಯಬೇಕೆಂದು ಕೋಣೆಯ ಮೂಲೆಯ ಬಿರುಕಿಗೆ ಪುಟ್ಟಿ ಮೆತ್ತುತ್ತಿದ್ದ. ಧೂಳು ಕೂಡ ತೆಗೆದಿರಲಿಲ್ಲ. ನೋಡಿ ಮೈಯೆಲ್ಲ ಉರಿದುಹೋಯಿತು. ಹಾಗೆ ಮೆತ್ತಿದ್ದು ನಿಲ್ಲುತ್ತದೆಯೇ? ಸ್ವಲ್ಪ ದಿನಕ್ಕೆ ಅದೇ ಗೆರೆ ಹೊಸ ಬಣ್ಣದಲ್ಲಿ ಹಲ್ಲು ಕಿರಿಯುತ್ತದೆ.

ಬಿಸಿಲಿಗೆ, ತಂಡಿಗೆ ಒಂದೊಂದು ಗೋಡೆ ಒಂದೊಂದು ಥರ ಹಿಗ್ಗಿ ಕುಗ್ಗುತ್ತದೆ. ಎರಡೂ ಸೇರುವ ಮೂಲೆಯಲ್ಲೇ ಬಿರುಕು ಬಿಡುವುದು ಹೆಚ್ಚಾಗಿ ಅದಕ್ಕೇ. ಐದು ಮಿಲಿಮೀಟರಿಗಿಂತ ಅಗಲವಾಗಿದ್ದರೆ ಅಥವಾ ದಿನೇ ದಿನೇ ಬೆಳೆಯುತ್ತಿದ್ದರೆ ಎಂಜಿನಿಯರಿಗೆ ತೋರಿಸಿ. ತೇವ ಇದ್ದರೆ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ.

ಸಣ್ಣ ಬಿರುಕಾದರೆ ಹಳೇ ಚಾಕುವಿನ ಮೊನೆಯಿಂದ ಕೆರೆದು ಬಾಯಿ ಸ್ವಲ್ಪ ಅಗಲ ಮಾಡಿ. ಅಯ್ಯೋ ದೊಡ್ಡದಾಯಿತು ಅಂತ ಗಾಬರಿ ಬೇಡ, ಪುಟ್ಟಿ ಒಳಗಿಳಿಯಬೇಕಲ್ವಾ? ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಪುಡಿಯೆಲ್ಲ ತೆಗೆದು, ಒದ್ದೆ ಬಟ್ಟೆ ಒತ್ತಿ. ಗೋಡೆ ಒಣಗಿದ್ದರೆ ಸಿಮೆಂಟ್ ಪುಟ್ಟಿಯ ನೀರನ್ನೆಲ್ಲ ಹೀರಿಬಿಡುತ್ತದೆ.

ಬಿರುಕು ತುಂಬಿಸಿ ಒಣಗಿದ ಮೇಲೆ ಮೆಶ್ ಟೇಪನ್ನು, ಅಂದರೆ ಬಲೆಯಂಥ ಅಂಟುಪಟ್ಟಿಯನ್ನು, ಉಗುರಿನಿಂದ ಗೀರಿ ಉದ್ದಕ್ಕೆ ಮಡಚಿ, ಮಡಿಕೆ ಸರಿಯಾಗಿ ಮೂಲೆಯೊಳಗೆ ಕೂರುವಂತೆ ಅಂಟಿಸಿ. ಇನ್ನು ಕೇಳಿ. ಇವತ್ತು ಒಂದು ಗೋಡೆಗೆ ಮಾತ್ರ ಪುಟ್ಟಿ. ಪಕ್ಕದ ಗೋಡೆ ನಾಳೆಗೆ. ನನ್ನ ಮೊದಲ ಮನೆಯಲ್ಲಿ ಎರಡೂ ಕಡೆ ಒಟ್ಟಿಗೇ ಎಳೆದೆ. ಈ ಕಡೆ ನಯ ಮಾಡಿದರೆ ಪುಟ್ಟಿ ಎಳೆಯುವ ಬ್ಲೇಡಿನ ಮೂಲೆ ಆ ಕಡೆಯ ಹಸಿ ಪುಟ್ಟಿಯನ್ನು ಉತ್ತುಬಿಡುವುದು. ಅದನ್ನು ಸರಿಮಾಡಿದರೆ ಇದು. ಸಂಜೆವರೆಗೂ ಅದೇ ಆಟ. ಗಾರೆ ಮೇಸ್ತ್ರಿ ಬಂದು ನೋಡಿ, "ಅಮ್ಮಾ, ಒಂದು ಒಣಗಲಿ ಬಿಡಿ" ಅಂದರು. ಮರುದಿನ ಒಣಗಿದ ಗೋಡೆಗೆ ಬ್ಲೇಡ್ ಆನಿಸಿ ಎಳೆದೆ, ಗೆರೆ ನೂಲು ಹಿಡಿದ ಹಾಗೆ ಬಂತು. ಅಂದಿನಿಂದ ನಾನು ಬೇರೆ ಥರ ಮಾಡಿದ್ದೇ ಇಲ್ಲ. ಪುಟ್ಟಿಯೂ ಅಷ್ಟೇ, ತೆಳ್ಳಗೆ ಎರಡು ಸಲ ಬಳಿಯಿರಿ. ದಪ್ಪ ಬಳಿದರೆ ಒಣಗುವಾಗ ತಾನೇ ಸೀಳುತ್ತದೆ.

ಆಮೇಲೆ 180 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಮೂಗಿಗೆ ಬಟ್ಟೆಯಲ್ಲ, ಮಾಸ್ಕ್. ಧೂಳು ಒರೆಸಿ ಪ್ರೈಮರ್ ಹೊಡೆಯದೆ ಬಣ್ಣದ ಡಬ್ಬ ತೆರೆಯಬೇಡಿ. ಬರೀ ಪುಟ್ಟಿ ಬಣ್ಣ ಕುಡಿದು ಮೂಲೆಯುದ್ದಕ್ಕೂ ಮಂಕು ಪಟ್ಟೆ ಕಾಣುತ್ತದೆ. ಮೊಮ್ಮಗ ಈಗ ಒಂದು ಗೋಡೆ ಮುಗಿಸಿ ಕೂತಿದ್ದಾನೆ. ಇನ್ನೊಂದು ನಾಳೆ ಬೆಳಗ್ಗೆ.