ಗಾಣಗಾಪುರಕ್ಕೆ ಮಕ್ಕಳ ಜೊತೆ ಹೊರಟವರಿಗೆ

ಹುಣ್ಣಿಮೆಗೋ ಗುರುವಾರಕ್ಕೋ ಕಲಬುರಗಿ ಜಿಲ್ಲೆಯ ದತ್ತ ಕ್ಷೇತ್ರ ಗಾಣಗಾಪುರಕ್ಕೆ ಮಕ್ಕಳ ಜೊತೆ ಹೊರಟಿದ್ದರೆ, ಮಗುವಿನ ಮುಂಗೈ ಒಳಭಾಗದಲ್ಲಿ ನಿಮ್ಮ ಮೊಬೈಲ್ ನಂಬರನ್ನು ಮಾರ್ಕರ್ ಪೆನ್ನಿನಿಂದ ದಪ್ಪಗೆ ಬರೆಯಿರಿ. ಗದ್ದಲದಲ್ಲಿ ತಪ್ಪಿಸಿಕೊಂಡ ಮಗು ಅಳುವ ಭರದಲ್ಲಿ ಅಪ್ಪನ ಹೆಸರೂ ಸರಿಯಾಗಿ ಹೇಳುವುದಿಲ್ಲ. ಕೈ ನೋಡಿದವರು ತಕ್ಷಣ ಫೋನ್ ಹಚ್ಚುತ್ತಾರೆ. ಜೇಬಿನೊಳಗಿನ ಚೀಟಿಯನ್ನು ಯಾರು ಹುಡುಕುತ್ತಾರೆ, ಅಲ್ವಾ? ಆದರೆ ಮನೆಯಲ್ಲೇ ಬರೆದುಕೊಂಡು ಬರಬೇಡಿ. ಭೀಮಾ-ಅಮರ್ಜಾ ಸಂಗಮದಲ್ಲಿ ಸ್ನಾನ ಮುಗಿಸಿ, ಕೈ ಚೆನ್ನಾಗಿ ಒಣಗಿದ ಮೇಲೆ ಬರೆಯಿರಿ. ಒದ್ದೆ ಚರ್ಮದ ಮೇಲೆ ಶಾಯಿ ಹರಡಿ 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ನಮ್ಮ ಕಡೆಯ ಬಿಸಿಲಿಗೆ ಬೆವರು ಜಾಸ್ತಿ, ಪಾದುಕೆ ದರ್ಶನದ ಸಾಲಿಗೆ ನಿಲ್ಲುವ ಮುಂಚೆ ಇನ್ನೊಮ್ಮೆ ತಿದ್ದಿ. ಜನ ತುಂಬಿದಾಗ ಕೆಲವೊಮ್ಮೆ ಫೋನ್ ಹತ್ತುವುದೇ ಇಲ್ಲ. ಅದಕ್ಕೆ ಸೇರುವ ಜಾಗವನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಮಧ್ಯಾಹ್ನ ಮಾಧುಕರಿ, ಅಂದರೆ ಭಕ್ತರು ಭಿಕ್ಷೆ ಬೇಡುವ ಹೊತ್ತಿಗೆ ಗದ್ದಲ ಇರುವ ಗುಡಿ ಬಾಗಿಲನ್ನು ಮಾತ್ರ ಆ ಜಾಗ ಮಾಡಿಕೊಳ್ಳಬೇಡಿ.